ಗೋಡೆ ಮೇಲಿನ ಸಿಪಾಯಿಗೆ ಮುದ್ದೆ ಮಡಗಿದ ಪಾಪಕ್ಕ

ತಟ್ಟೇನ ಯಾರಾದ್ರೂ ಗೋಡೆಗೆ ನೇತಾಕ್ತಾರಾ ಅಂತ ನಗ್ತೀಯಲ್ಲೋ, ನಗು. ನೀನು ನಂಬ್ಲಿಲ್ಲ ಅಂತ ಇದ್ದಿದ್ದು ಇಲ್ಲದಂಗೆ ಆಗ್ಬಿಡ್ತದಾ? ಗವಿಬೆಟ್ಟದ ಬಂಗ್ಲೇಲಿ ಏಳು ಪಿಂಗಾಣಿ ತಟ್ಟೆ ಗೋಡೆ ಮೇಲಿದ್ವು. ಒಂದೊಂದ್ರಲ್ಲೂ ನೀಲಿ ಹೂವ, ಅಂಚಿಗೆ ಚಿನ್ನದ ಗೆರೆ. ಉಣ್ಣಾಕಲ್ಲ, ಬರೀ ನೋಡಾಕೆ. ಉಣ್ಣೋ ತಟ್ಟೆ ಬ್ಯಾರೆ ಇದ್ವು. ಏನಂದೆ, ಬಂಡಲ್ಲಾ? ಸರಿ, ತಟ್ಟೆ ಬಂಡಲ್ ಅಂತ್ಲೇ ಇಟ್ಕೋ ಗುರು. ಅದನ್ನ ತೊಳ್ದ ಪಾಪಕ್ಕ ಬಂಡಲ್ ಅಲ್ವಲ್ಲ.

ಪಾಪಕ್ಕ ಅಂದ್ರೆ ದೊಡ್ಡಬಳ್ಳಾಪುರದಿಂದ ಆಚೆಗೆ, ಬೆಟ್ಟದ ಬುಡದಲ್ಲಿರೋ ಗವಿಪಾಳ್ಯದೋಳು. ಬಂಗ್ಲೆ ಬೀಗದ ಕೈ ಅವಳ ಸೊಂಟದಲ್ಲಿರ್ತಿತ್ತು. ಬೆಟ್ಟದ ಅರ್ಧಕ್ಕೆ ಯಾವನೋ ದೊರೆ ಕಟ್ಸಿದ್ದ ಹೆಂಚಿನ ಮನೆ ಅದು. ದೊರೆ ಹೊಂಟೋದ ಮ್ಯಾಲೆ ಇಪ್ಪತ್ತು ವರ್ಷ ಅಲ್ಲಿ ಬಾವಲಿಗಳೇ ಸಂಸಾರ ಮಾಡ್ಕೊಂಡಿದ್ವು. ಅರವತ್ತಾರನೇ ಇಸವೀಲಿ ಬೆಂಗಳೂರಿನ ಲಾಯರ್ ಆದಿನಾರಾಯಣಪ್ಪನವರು ಕೊಂಡ್ಕೊಂಡ್ರು. ಕೊಂಡೋರು ಅವರು, ಸಿಂಗಾರ ಮಾಡ್ದೋರು ಅವರ ಹೆಂಡ್ತಿ ಲಕ್ಷ್ಮೀದೇವಮ್ಮ.

ಆಯಮ್ಮಂಗೆ ಆ ಮನೆ ದೊರೆ ಕಾಲದಲ್ಲಿ ಹೆಂಗಿತ್ತೋ ಹಂಗೇ ಆಗ್ಬೇಕು. ಬೆಂಗಳೂರು ದಂಡಿನ ಕಡೆ, ಅದೇ ಕಂಟೋನ್ಮೆಂಟಲ್ಲಿ, ಬಿಳಿಯೋರು ಊರು ಬಿಟ್ಟು ಹೋಗೋವಾಗ ಸಾಮಾನೆಲ್ಲ ಹರಾಜಿಗೆ ಬರ್ತಿತ್ತಲ್ಲ, ವಾರ ವಾರ ಅಲ್ಲಿಗೋಗಿ ಹುಡುಕಿ ಹುಡುಕಿ ತರೋರು. ಲೇಸಿನ ಪರದೆ, ತೂಗಾಡೋ ಕುರ್ಚಿ, ಮೇಣದ ಬತ್ತಿ ಕಂಬ. ಒಂದು ಕಡವೆ ತಲೆ ಬಂತು. ಅದನ್ನ ಗೋಡೆಗೆ ಹೊಡೆದ ದಿನದಿಂದ ಊರಿನ ನಾಯೆಲ್ಲ ಕಿಟಕಿ ತಾವ ನಿಂತು ಮೂರು ತಿಂಗ್ಳು ಬೊಗಳಿ ಬೊಗಳಿ ಗಂಟ್ಲು ಕೆಡಿಸ್ಕೊಂಡು, ಆಮೇಲೆ ಕಳ್ಳ ಬಂದ್ರೂ ಬರೀ ಕೆಮ್ತಿದ್ವಂತೆ. ಸಿಂಹದ ಕಾಲಿದ್ದ ಕಬ್ಬಿಣದ ಸ್ನಾನದ ತೊಟ್ಟಿ ಬಂದಾಗ ಹದಿನಾಲ್ಕು ಆಳು ಹೊತ್ರು. ಅರ್ಧ ದಾರೀಲಿ ಇಳಿಸಿ ಬೀಡಿ ಹಚ್ಚೋದ್ರೊಳಗೆ ಮಳೆ ಬಂದು ತೊಟ್ಟಿ ತುಂಬಿ, ಮೂರು ಎಮ್ಮೆ ನೀರು ಕುಡಿದು, ನಾಲ್ಕನೇದು ಒಳಗೇ ಮಲಗ್ಬಿಡ್ತು. ಎಮ್ಮೆ ಸಮೇತಾನೇ ಹೊತ್ವಿ ಅಂತ ಹೊತ್ತೋರಲ್ಲಿ ಒಬ್ಬನಾದ ಆಂಜಿನಪ್ಪ ಸಾಯೋಗಂಟ ಹೇಳ್ದ. ಎಮ್ಮೆ ಬಿಟ್ಟಾಕು, ತೊಟ್ಟಿ ಮಾತ್ರ ದಿಟ.

ಪಾಪಕ್ಕಂಗೆ ಇದ್ಯಾವ್ದೂ ತಲೆಗೆ ಹೋಗ್ತಿರ್ಲಿಲ್ಲ, ಆದ್ರೆ ಕೈಗೆ ಬಂದ ಕೆಲಸ ಬಿಡೋಳಲ್ಲ. ಒಂದಿನ ಗೋಡೆ ತಟ್ಟೆನೆಲ್ಲ ಇಳಿಸಿ, ಬೂದಿ ಹುಣಸೇಹಣ್ಣು ಹಾಕಿ ತಿಕ್ಕಿದ್ಲು. ಎರಡು ತಟ್ಟೇದು ಚಿನ್ನದ ಗೆರೆ ಬೂದಿ ಜೊತೇಗೇ ಹೋಯ್ತು. ಲಕ್ಷ್ಮೀದೇವಮ್ಮ ನೋಡಿ ಹಂಗೇ ಕುಸಿದು ಕೂತ್ಕೊಂಡ್ರು.

"ಪಾಪಕ್ಕ, ಇದು ನೂರು ವರ್ಷದ ತಟ್ಟೆ ಕಣೆ."

"ಅದಕ್ಕೇ ಅಮ್ಮಾವ್ರೇ, ನೂರು ವರ್ಷದ ಕೊಳೆ ಅಂತ ವಸಿ ಗಟ್ಟಿಯಾಗಿ ಉಜ್ಜಿದೆ."

ಆಯಮ್ಮ ಬೈಬೇಕು ಅಂತ ಬಾಯಿ ತೆಗೆದು, ನಕ್ಬಿಟ್ರು. ಒಳ್ಳೆ ಹೆಂಗಸು.

ಅರವತ್ತೇಳರಲ್ಲಿ, ಹಿರೇರ ಹಬ್ಬದ ಅಮಾಸೆ ಇನ್ನೊಂದು ವಾರ ಐತೆ ಅನ್ನೋವಾಗ, ಒಂದು ಫೋಟೋ ಬಂತು. ಮೊಟ್ಟೆ ಆಕಾರದ ಕಟ್ಟು, ಚಿನ್ನದ ನೀರು ಕುಡಿಸಿದ್ದು. ಒಳಗೆ ಒಬ್ಬ ಬಿಳಿ ಸಿಪಾಯಿ. ಇಪ್ಪತ್ತು ವರ್ಷ ಇದ್ರೆ ಹೆಚ್ಚು. ಟೋಪಿ ಕಂಕುಳಲ್ಲಿ, ಕಿವಿ ವಸಿ ಅಗಲ. ಗೋಡೆಯೊಳಗೆ ಚಳಿ ಕಾಸೋ ಬೆಂಕಿಗೂಡು ಇತ್ತಲ್ಲ, ಅದರ ಮ್ಯಾಲೆ ಮೊಳೆ ಹೊಡೆದೋಳು ಪಾಪಕ್ಕನೇ.

"ಇವರು ಯಾರು ಅಮ್ಮಾವ್ರೇ?"

"ಯಾರೋ ಏನೋ. ಕಟ್ಟು ಚೆನ್ನಾಗಿತ್ತು ಅಂತ ತಂದೆ. ಒಳಗೆ ಖಾಲಿ ಇದ್ರೆ ಬೋಳು ಬೋಳು ಅನ್ಸುತ್ತೆ, ಅದಕ್ಕೆ ಅವನನ್ನ ಹಾಗೇ ಬಿಟ್ಟಿದೀನಿ."

"ಬದುಕವ್ರಾ, ಹೋಗ್ಬಿಟ್ರಾ?"

"ಯಾರಿಗ್ಗೊತ್ತು."

ಪಾಪಕ್ಕನ ಕೈ ಸುತ್ತಿಗೆ ಮ್ಯಾಲೇ ನಿಂತೋಯ್ತು. ಆ ಮಾತು ಅವಳಿಗೆ ಹೊಸದಲ್ಲ. ಇಪ್ಪತ್ತೈದು ವರ್ಷದಿಂದ ಊರೆಲ್ಲ ಅವಳಿಗೆ ಹೇಳ್ತಿದ್ದಿದ್ದು ಅದೊಂದೇ.

ಅವಳ ಗಂಡ ಆವಲಪ್ಪ ನಲವತ್ತೆರಡರಲ್ಲಿ ಮಿಲ್ಟ್ರಿ ಸೇರಿ ಬರ್ಮಾ ಕಡೆ ಹೋದೋನು. ಮದುವೆಯಾಗಿ ಒಂಬತ್ತು ತಿಂಗ್ಳು ಆಗಿತ್ತು. ಎರಡು ಕಾಗ್ದ ಬಂತು, ಸ್ಕೂಲ್ ಮೇಷ್ಟ್ರು ಓದಿ ಹೇಳಿದ್ರು. ಆಮೇಲೆ ಇಲ್ಲ. ಕೇಳಿದ್ರೆ, ಕಾಣೆಯಾದೋರ ಪಟ್ಟೀಲವ್ನೆ ಅಂದ್ರು. ಸತ್ತ ಅಂತ ತಾರೂ ಬರ್ಲಿಲ್ಲ, ಬದುಕವ್ನೆ ಅಂತ ಸುದ್ದೀನೂ ಬರ್ಲಿಲ್ಲ.

ಮನೇಲಿ ಉಳಿದೋರು ಇಬ್ರೇ. ಪಾಪಕ್ಕ, ಅವಳ ಅತ್ತೆ ಸೊಣ್ಣಮ್ಮ. ಇಬ್ರಿಗೂ ವರ್ಷಕ್ಕೊಂದೇ ಜಗಳ. ಅಮಾಸೆ ದಿನ ಹಿರೇರಿಗೆಲ್ಲ ಎಡೆ ಮಡಗ್ತಾರಲ್ಲ, ಆವಲಪ್ಪಂಗೂ ಒಂದು ಎಲೆ ಹಾಕು ಅಂತ ಸೊಣ್ಣಮ್ಮ, ಹಾಕಲ್ಲ ಅಂತ ಪಾಪಕ್ಕ. ಹೆತ್ತೋಳೇ ಹಂಗಂತಾಳಾ ಅಂತೀಯ? ಅಂತಿದ್ಲು. ಮಗ ಕನಸಲ್ಲಿ ಬಂದು ಹೊಸ್ತಿಲಾಚೆ ನಿಂತ್ಕೊಂತಾನೆ, ಒಳಗೆ ಬಾ ಅಂದ್ರೆ ಬರಲ್ಲ, ಹೊಟ್ಟೆ ಹಿಡ್ಕೊಂತಾನೆ ಅಂತ ಅಳೋಳು. ಎಡೆ ಮಡಗಿದ್ರೆ ನಾನೇ ಕೈಯಾರ ಸಾಯಿಸ್ದಂಗೆ ಅಂತ ಸೊಸೆ. ಎರಡೂ ದಿಟವೇ. ಅದಕ್ಕೇ ಆ ಜಗಳ ಮುಗೀತಿರ್ಲಿಲ್ಲ.

ಆ ವರ್ಷ ಸೊಣ್ಣಮ್ಮ ಹಾಸಿಗೆ ಹಿಡಿದಿದ್ಲು. ಅಮಾಸೆ ದಿನ ಬೆಳಿಗ್ಗೆ ಸೊಸೆ ಹಿರೇರಿಗೆಲ್ಲ ಎಲೆ ಹಾಕೋದನ್ನ ಮಲಗಿದ್ದಲ್ಲಿಂದ್ಲೇ ಎಣಿಸಿದ್ಲು. ಮಾವ, ಮಾವನ ಅಪ್ಪ, ಅವರವ್ವ. ಅಲ್ಲಿಗೆ ನಿಂತೋಯ್ತು.

"ಮುಂದಿನ ಅಮಾಸೆಗೆ ನಾನಿರಲ್ಲ ಕಣೆ ಪಾಪಿ. ಇದೊಂದ್ಸಲ ಹಾಕ್ಬಿಡು."

"ಅತ್ತೆ, ಅದೊಂದು ಬಿಟ್ಟು ಏನಾರ ಕೇಳು."

"ಹಂಗಾದ್ರೆ ನಂಗೂ ಬೇಡ. ಅವ್ನು ಉಣ್ಣದೆ ನಾನುಣ್ಣಲ್ಲ."

ಮುದುಕಿ ಗೋಡೆ ಕಡೆ ತಿರುಗಿ ಮಲಗ್ಬಿಡ್ತು. ಪಾಪಕ್ಕ ಇನ್ನೇನು ಮಾಡ್ತಾಳೆ, ತನ್ನ ಪಾಲಿನ ಮುದ್ದೆ, ಅವರೆಕಾಳು ಸಾರು ಕಟ್ಕೊಂಡು ಬೆಟ್ಟ ಹತ್ತಿದ್ಲು. ಆವತ್ತು ಬೆಂಗಳೂರಿಂದ ಯಾರೋ ಸ್ನೇಹಿತರನ್ನ ಮನೆ ನೋಡಾಕೆ ಕರ್ಕೊಂಡು ಬರ್ತೀನಿ ಅಂದಿದ್ರು ಲಕ್ಷ್ಮೀದೇವಮ್ಮ. ಕಸ ಗುಡಿಸಿದ್ಲು, ಕುರ್ಚಿ ಒರೆಸಿದ್ಲು. ಬೆಂಕಿಗೂಡಿನ ತಾವ ಬಂದಾಗ ಆ ಹುಡುಗ ನೋಡ್ತಾ ಅವ್ನೆ. ಕಟ್ಟು ಚೆನ್ನಾಗೈತೆ ಅಂತ ಯಾರ್ದೋ ಮನೆ ಗೋಡೆ ಮ್ಯಾಲೆ ಬಂದು ಕೂತವ್ನೆ. ಅವನವ್ವ ಎಲ್ಲಿದಾಳೋ. ಇವತ್ತು ಲೋಕದಲ್ಲಿ ಇವನಿಗೆ ಅಂತ ಒಂದೆಲೆ ಹಾಕೋರು ಯಾರವ್ರೆ?

ಪಾಪಕ್ಕ ತನ್ನ ಬುತ್ತಿ ಬಿಚ್ಚಿದ್ಲು. ಎಲೆ ತಂದಿರ್ಲಿಲ್ಲ. ಗೆರೆ ಹೋದ ತಟ್ಟೆ ಒಂದನ್ನ ಗೋಡೆಯಿಂದ ಇಳಿಸಿ, ಮುದ್ದೆ ಇಟ್ಟು ಸಾರು ಬಿಟ್ಟು, ಫೋಟೋ ಮುಂದಿನ ಹಲಗೆ ಮ್ಯಾಲೆ ಮಡಗಿದ್ಲು. ಹೂವ ಮುಡಿಸ್ಲಿಲ್ಲ, ಧೂಪ ಹಾಕ್ಲಿಲ್ಲ. ಬಾಗ್ಲು ಎಳ್ಕೊಂಡು ಆಚೆ ಮೆಟ್ಲ ಮ್ಯಾಲೆ ಕೂತ್ಲು.

ಕಾರು ಬಂತು. ಲಕ್ಷ್ಮೀದೇವಮ್ಮ, ಅವರ ಹಿಂದೆ ಬಣ್ಣದ ಛತ್ರಿ ಹಿಡಿದ ಇನ್ನೊಬ್ಬಾಕೆ.

"ಬಾಗಿಲು ಯಾಕೆ ಹಾಕಿದೀಯ ಪಾಪಕ್ಕ? ಒಳಗೆ ಯಾರಿದಾರೆ?"

"ಉಣ್ತಾವ್ರೆ ಅಮ್ಮಾವ್ರೇ. ಒಂದ್ಗಳಿಗೆ ತಡೀರಿ."

"ಯಾರು ಊಟ ಮಾಡ್ತಿರೋದು?"

"ಗೋಡೆ ಮ್ಯಾಲಿನೋರು."

ಛತ್ರಿಯಾಕೆ ಎರಡು ಹೆಜ್ಜೆ ಹಿಂದಕ್ಕೆ ಹೋದ್ಲು. ದಾರೀಲಿ ಕಡವೆ ತಲೆ ಕಥೆ ಕೇಳಿರ್ಬೇಕು, ಪಾಪ. ಲಕ್ಷ್ಮೀದೇವಮ್ಮ ಬಾಗ್ಲು ತಳ್ಳಿ ನೋಡಿದ್ರು. ತಟ್ಟೆ ನೋಡಿದ್ರು, ಇರುವೆ ಸಾಲು ನೋಡಿದ್ರು. ಮುಖ ಕೆಂಪಾಯ್ತು.

"ನನ್ನ ಮನೇಲಿ ಯಾರೋ ಸತ್ತೋರಿಗೆ ಎಡೆ ಇಡ್ತೀಯಾ?"

"ಎಡೆ ಅಲ್ಲ ಅಮ್ಮಾವ್ರೇ, ಊಟ. ಸತ್ತಿದಾರೋ ಬದುಕವ್ರೋ ನಿಮಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಸತ್ತಿದ್ರೆ ಎಡೆ ಅಂತ ಉಣ್ಲಿ. ಇದ್ರೆ, ಎಲ್ಲಿದಾರೋ ಅಲ್ಲಿ ಯಾರೋ ಒಂದು ತುತ್ತು ಹಾಕ್ಲಿ ಅಂತ."

"ಮತ್ತೆ ಬಾಗಿಲು ಯಾಕೆ ಹಾಕಿದ್ದು?"

"ನೋಡ್ತಾ ನಿಂತ್ರೆ ಬದುಕಿರೋರಿಗೂ ನಾಚ್ಕೆ ಆಗಲ್ವಾ."

ಲಕ್ಷ್ಮೀದೇವಮ್ಮಂಗೆ ಪಾಪಕ್ಕನ ಮನೆ ಕಥೆ ಗೊತ್ತಿತ್ತು. ಸಿಟ್ಟು ಇಳಿದೋಯ್ತು. ಸುಮ್ನೆ, ಏನೂ ಯೋಚ್ನೆ ಮಾಡ್ದೆ ಅಂದ್ಬಿಟ್ರು, "ಹಾಗಾದ್ರೆ ನಿನ್ನ ಗಂಡನಿಗೂ ಇಷ್ಟು ವರ್ಷ ಹೀಗೇ ಇಡಬಹುದಿತ್ತಲ್ಲ ಪಾಪಕ್ಕ."

ಪಾಪಕ್ಕ ಸೊಂಟದಿಂದ ಬೀಗದ ಕೈ ಬಿಚ್ಚಿ ಆಯಮ್ಮನ ಕೈಗಿಟ್ಟು, ನಾಳೆ ಬರ್ತೀನಿ ಅಮ್ಮಾವ್ರೇ ಅಂದು ಇಳಿದ್ಲು. ಬೆಟ್ಟ ಇಳಿಯೋವಾಗ ಕಣ್ಣು ಕಾಣ್ದೆ ಎರಡು ಸಲ ಎಡವಿದ್ಲು.

ಮನೇಲಿ ಮುದುಕಿ ಹಂಗೇ ಮಲಗಿತ್ತು, ಒಂದು ತೊಟ್ಟು ನೀರೂ ಕುಡ್ದಿರ್ಲಿಲ್ಲ. ಪಾಪಕ್ಕ ಒಲೆ ಹಚ್ಚಿ ಬಿಸಿ ಮುದ್ದೆ ತಿರುವಿದ್ಲು. ಹಿರೇರ ಎಲೆಗಳ ಸಾಲಲ್ಲಿ ಮಡಗ್ಲಿಲ್ಲ. ದಿನಾ ಉಣ್ಣಾಕೆ ಕೂರೋ ಜಾಗದಲ್ಲಿ ಮಣೆ ಹಾಕಿ, ತಟ್ಟೆ ಇಟ್ಟು, ಪಕ್ಕಕ್ಕೆ ಚೊಂಬಲ್ಲಿ ನೀರಿಟ್ಲು. ಸೊಣ್ಣಮ್ಮ ತಲೆ ಎತ್ತಿ ನೋಡ್ತು.

"ಎಡೆಯೇನೆ?"

"ಅಲ್ಲ ಅತ್ತೆ. ಊಟ. ಎಲ್ಲಿದ್ರೂ ಹಸಿವು ಹಸಿವೇ ತಾನೆ."

ಮುದುಕಿ ಆ ಮಣೆ ನೋಡ್ತು. ಆಮೇಲೆ ಕೈ ಚಾಚ್ತು. "ಎಬ್ಬಿಸು. ಬಾಗ್ಲು ಹಾಕು, ಆಚೆ ಕೂರಾನ."

ಇಬ್ರೂ ಜಗಲಿ ಮ್ಯಾಲೆ ಕೂತ್ರು. ಸೊಣ್ಣಮ್ಮಂಗೆ ಕೂರಾಕೆ ಆಗ್ದೆ ಸೊಸೆ ಭುಜಕ್ಕೆ ಒರಗಿತ್ತು. ಬಿಸಿಲು ಬೆಟ್ಟದ ಹಿಂದಕ್ಕೆ ಹೋಗ್ತಾ ಇತ್ತು. ಬೀದೀಲಿ ಹೋಗೋರು, ಏನವ್ವಾ ಇಬ್ರೂ ಆಚೆ, ಅಂತ ಕೇಳ್ಕೊಂಡು ಹೋದ್ರು. ಪಾಪಕ್ಕ ಒಂದ್ಸಲ ಬಾಗ್ಲ ಕಡೆ ನೋಡಿದ್ಲು, ತೆಗೀಲಾ ಅನ್ನೋ ಹಂಗೆ.

"ತಡಿಯೇ," ಅಂತು ಮುದುಕಿ. "ಅವ್ನು ಉಣ್ಣೋದು ನಿಧಾನ."

"ಗೊತ್ತು ಅತ್ತೆ," ಅಂದ್ಲು ಪಾಪಕ್ಕ.

ಅವ್ನು ಬಂದ್ನಾ ಅಂತೀಯಾ? ಇಲ್ಲ ಕಣೋ, ಬರ್ಲಿಲ್ಲ. ದೀಪಾವಳಿಗೆ ಮುಂಚೆ ಸೊಣ್ಣಮ್ಮ ಹೋದ್ಲು, ಹೊಟ್ಟೆ ತುಂಬ ಉಂಡೇ ಹೋದ್ಲು. ಮುಂದಿನ ಅಮಾಸೆಗೆ ಪಾಪಕ್ಕ ಅತ್ತೆಗೆ ಎಲೆ ಹಾಕಿದ್ಲು, ಗಂಡಂಗೆ ಮಣೆ ಹಾಕಿದ್ಲು. ಎಪ್ಪತ್ತೊಂಬತ್ತರವರೆಗೂ, ಅವಳಿರೋವರೆಗೂ, ಹಂಗೇ ನಡೀತು. ಹಣೆ ಕುಂಕುಮಾನೂ ಅಳಿಸ್ಲಿಲ್ಲ, ಊರಲ್ಲಿ ಒಬ್ರೂ ಅದನ್ನ ಯಾಕೆ ಅಂತ ಕೇಳ್ಲಿಲ್ಲ. ಒಂದ್ಸಲ ಮಾತ್ರ ಆಂಜಿನಪ್ಪ ಕುಡಿದು ಬಂದು ಆ ಬಾಗ್ಲು ತಾವ...

"ರೀ, ಎಷ್ಟೊತ್ತಿಂದ ಕೂಗ್ತಿದೀನಿ, ಮುದ್ದೆ ಆರೋಯ್ತದೆ. ಉಣ್ಣಾಕೆ ಬರ್ತೀರೋ ಇಲ್ವೋ?"

ಬಂದೆ ಕಣೆ, ಬಂದೆ. ಏಳೋ, ನೀನೂ ಕೈ ತೊಳ್ಕೊ.