ಸುಳ್ಳು ಹೆಣದ ಮುಂದೆ ಅತ್ತದ್ದು

ಆಗ ನನಗೆ ಅರವತ್ತೆರಡು. ಆರು ವರ್ಷದ ಹಿಂದಿನ ಮಾತು. ಗೋವೆಯ ಕಡಲ ದಂಡೆಯಲ್ಲಿ ಮಣಿಸರ, ಕಾಲ್ಗೆಜ್ಜೆ ಮಾರುತ್ತಿದ್ದೆ. ಈಗಲೂ ಅದೇ ಕೆಲಸ. ಮಗಳು ಸತ್ತು ಒಂದು ವರ್ಷವಾಗಿತ್ತು.

ಮಗಳು ವೆರ್ಣಾದ ಔಷಧ ಕಂಪನಿಯಲ್ಲಿ ಗುಳಿಗೆ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಳು. ಇಪ್ಪತ್ತಾರು ವರ್ಷ. ಕಾಮಾಲೆ ಬಂತು, ಹದಿನೈದು ದಿನಕ್ಕೆ ಹೋದಳು. ಘಟ್ಟದ ಮೇಲೆ ನಮ್ಮ ಕಡೆ ಹೆಣ ಮನೆಗೆ ಬರಬೇಕು. ಹೆಂಗಸರು ಅದರ ಮುಂದೆ ಕುಳಿತು, ಸತ್ತವರ ಬದುಕನ್ನೆಲ್ಲ ಹಾಡಿಕೊಂಡು ಅಳಬೇಕು. ಆಮೇಲೆ ಗಂಡಸರು ಎತ್ತುತ್ತಾರೆ. ಆದರೆ ಬಾಡಿಗೆ ಮನೆಯ ಮಾಲಕ ಹೆಣ ಒಳಗೆ ತರಬೇಡಿ ಅಂದ. ಅಳುವ ಸದ್ದು ಗೋಡೆ ದಾಟಬಾರದು, ಬೇರೆ ಬಾಡಿಗೆಯವರು ಬಿಟ್ಟು ಹೋಗುತ್ತಾರೆ ಅಂದ. ಆಸ್ಪತ್ರೆಯಿಂದ ನೇರ ಸುಡುಗಾಡಿಗೆ ಒಯ್ದರು. ಗಂಡ ಹೋದ. ನಾನು ಖೋಲಿಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಕುಳಿತೆ.

ಮುಂದಿನ ವರ್ಷ ಸಿನಿಮಾದವರು ಬಂದರು. ದೊಡ್ಡವರೇನಲ್ಲ. ಎರಡು ವ್ಯಾನು, ಒಂದು ಕ್ಯಾಮೆರಾ, ಹತ್ತು ಹನ್ನೆರಡು ಮಂದಿ, ಬಾಡಿಗೆಗೆ ಹಿಡಿದ ಒಂದು ಹಳೇ ಬಂಗಲೆ. ರಕ್ತಕ್ಕೆ ಬೀಟ್‌ರೂಟ್ ಕುದಿಸಿ ಸಕ್ಕರೆ ಪಾಕ ಕಲಸಿದ್ದರು. ಸಿನಿಮಾ ತೆಗೆಯಲು ಬಂದ ಜನರನ್ನು ಮುಖವಾಡದವನೊಬ್ಬ ಒಬ್ಬೊಬ್ಬರಾಗಿ ಕೊಚ್ಚುತ್ತಾನೆ, ಉಳಿದವರು ಓಡಿಹೋಗುವುದನ್ನು ಬಿಟ್ಟು ಸತ್ತವನ ಪಾತ್ರ ತನಗೆ ಸಿಗಲಿ ಎಂದು ಕಿತ್ತಾಡುತ್ತಾರೆ. ಅದೇ ಕತೆ. ನಗುವ ಸಿನಿಮಾ.

ಅವರಲ್ಲಿ ಬಟ್ಟೆಬರೆ ನೋಡಿಕೊಳ್ಳುವ ಹುಬ್ಬಳ್ಳಿಯ ಹೆಂಗಸೊಬ್ಬಳು ದಂಡೆಗೆ ಬಂದು, ಮಾತಿನಿಂದಲೇ ನಮ್ಮ ಕಡೆಯವಳೆಂದು ಗುರುತಿಸಿ ನನ್ನನ್ನು ಕರೆದಳು.

"ಯವ್ವಾ, ನೀವು ಕಸ ಹೊಡಿಯಾಕಿ ಪಾತ್ರ ಮಾಡಬೇಕ್ರಿ. ಹೆಣ ನೋಡಿ ಅಳಬೇಕು. ನಮ್ಮ ಕಡೆ ಹಾಡಿಕೋತ ಅಳತಾರಲ್ಲ, ಹಂಗ."

"ಯಾರು ಸತ್ತಾರ?"

"ಯಾರೂ ಇಲ್ರಿ. ಸುಳ್ಳ."

"ಜೋರಾಗಿ ಅಳಬಹುದೇನು?"

"ಎಷ್ಟು ಜೋರು ಅಳತೀರಿ ಅಷ್ಟು ಚಲೋರಿ."

ಹೋದೆ. ಹಜಾರದಲ್ಲಿ ಒಬ್ಬ ನಟ ಹೆಣವಾಗಿ ಬಿದ್ದಿದ್ದ. ಎದೆಗೆ ಚಾಕುವಿನ ಹಿಡಿಕೆ ಅಂಟಿಸಿದ್ದರು. ಪಾಕದ ವಾಸನೆಗೆ ಇರುವೆ ಮುತ್ತಿ, ಅವನು ಪಕ್ಕೆ ಕೆರೆದುಕೊಳ್ಳುತ್ತಿದ್ದ.

"ಸುಮ್ನ ಬೀಳೋ, ಸತ್ತಾವ ಕೆರಕೋತಾನೇನು?" ಅಂದೆ. ಹುಬ್ಬಳ್ಳಿಯವಳು ಹಿಂದಿಯಲ್ಲಿ ಹೇಳಿದಳು. ಎಲ್ಲರೂ ನಕ್ಕರು, ಹೆಣವೂ ನಕ್ಕಿತು.

ಅವನ ತಾಯಿ ಇದ್ದಾಳೇನು ಅಂತ ಕೇಳಿಸಿದೆ. ಊರಲ್ಲಿದ್ದಾಳಂತೆ. ಜೀವ ಇರುವವನ ಮುಂದೆ ಅವನನ್ನೇ ಕರೆದು ಅತ್ತರೆ ಅವನ ಆಯುಷ್ಯಕ್ಕೆ ಕುಂದು. ಯಾವ ತಾಯಿಯ ಮಗನಿಗೂ ನಾನು ಹಾಗೆ ಮಾಡಲಾರೆ. ಆಗಲೇ ಸತ್ತವರನ್ನು ಕರೆಯುವುದೇ ಸರಿ ಅನಿಸಿತು. ತಲೆ ಮೇಲೆ ಸೆರಗು ಎಳೆದುಕೊಂಡು ಕುಳಿತು ಮಗಳನ್ನು ಕರೆದೆ.

"ಮಂದಿಗೆಲ್ಲ ಗುಳಿಗಿ ಕಟ್ಟಿ ಕೊಟ್ಟಾಕಿ, ನಿನಗೊಂದು ಗುಳಿಗಿ ನಾಟಲಿಲ್ಲಲ್ಲಬೇ ನನ್ನ ಮಗಳ! ಕಂಪನಿ ಬಸ್ಸು ದಿನಾ ಹಾರ್ನ್ ಹೊಡಿತೈತಿ, ಯಾರನ್ನ ಕಳಸಲೇ ನನ್ನ ಕೂಸೇ!"

ಒಂದು ವರ್ಷ ಒಳಗಿದ್ದದ್ದು ಬಂತು. ಅವಳ ಜಡೆ, ಅವಳ ಜಗಳ, ಕೊನೆಗೆ ಹಳದಿಯಾದ ಕಣ್ಣು, ಎಲ್ಲ ಹೇಳಿದೆ. ಸುತ್ತ ನಿಂತ ನಟರು ಕತೆಯಲ್ಲಿದ್ದಂತೆ ಹೆಣವನ್ನು ಬಿಟ್ಟು ನನ್ನ ಕಡೆ ಸುಳ್ಳು ಮೊಬೈಲು ತಿರುಗಿಸಿದರು. ನಮ್ಮ ಹೀರೋಯಿನ್‌ಗಿಂತ ಈ ಮುದುಕಿ ವಾಸಿ, ಇವಳನ್ನೇ ಹಾಕೋಣ ಅಂತ ಒಬ್ಬ ಅಂದ. ಅದು ನಗುವ ಜಾಗವಂತೆ. ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ಹೊಡೆದು ಬಿದ್ದು ಬಿದ್ದು ನಕ್ಕರು.

ಇನ್ನೊಂದು ಮಗ್ಗಲಿನಿಂದ ಮತ್ತೊಮ್ಮೆ ಅಳಿರಿ ಅಂದರು. ಬರಲಿಲ್ಲ. ಕಣ್ಣಿಗೆ ಏನೋ ಹನಿ ಬಿಟ್ಟರು. ಸುಮ್ಮನೆ ಬಾಯಿ ಆಡಿಸಿದೆ.

ನಿರ್ದೇಶಕ ಒಳ್ಳೆಯವನೇ. ತಾನೇ ಚಹಾ ತಂದುಕೊಟ್ಟ. ಮೊದಲು ಅತ್ತದ್ದೇ ಸಿನಿಮಾಕ್ಕೆಲ್ಲ ಚಲೋದು, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಅಂತ ಹೇಳಿಸಿದ.

"ಅದನ್ನ ತೆಗೆದು ಹಾಕ್ರಿ," ಅಂದೆ. "ಅದು ನನ್ನ ಮಗಳದು."

ಹುಬ್ಬಳ್ಳಿಯವಳು ನನ್ನ ಮುಖ ನೋಡಿದಳು. ಆಮೇಲೆ ಅವನಿಗೆ ಹೇಳಿದಳು. ಅವನು, ನಾಳೆ ಬೆಳಿಗ್ಗೆ ಬನ್ನಿ, ಮೊದಲನೆಯದನ್ನು ನಿಮ್ಮೆದುರಿಗೇ ಅಳಿಸುತ್ತೇನೆ, ಎರಡನೆಯದನ್ನೇ ಇಟ್ಟುಕೊಳ್ಳುತ್ತೇನೆ ಅಂದ. ಆಮೇಲೆ ಸಿನಿಮಾ ಬಂದಾಗ ಜನ ನಕ್ಕದ್ದು ಆ ಎರಡನೆಯದಕ್ಕೆ. ನಗಲಿ.

ಸಂಜೆ ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು ಬೀಡಿ ಆರಿಸಿದ.

"ಅತ್ತಿ?"

"ಅತ್ತೆ."

"ಎಲ್ಲಾ ಹೇಳಿದಿ?"

"ಹೇಳಿದೆ."

"ನನ್ನ ಕರೀಲಿಲ್ಲ."

ಅವನ ಮುಂದೆ ತಾಟು ಇಟ್ಟೆ. ಅವನು ಸರಿಸಿದ.

"ನೀವು ಹೆಣ್ಣಮಕ್ಕಳು ಒಳಗ ಅಳತೀರಿ. ನಾವು ಹೊರಗ ಕಟ್ಟಿ ಮ್ಯಾಲ ಕುಂತು ಕೇಳತೇವಿ. ಗಂಡಸಿಗೆ ಇರೂದು ಅಷ್ಟ. ಮಂದಿ ಕೇಳಿದ್ರು. ನನಗ ಸಿಗಲಿಲ್ಲ. ಈಗ ಸಣ್ಣಗ ಹೇಳು."

"ಬಾಯಿಪಾಠ ಏನ್ರಿ ಅದು? ಹೆಣ ಇಲ್ಲದ ಬರೂದಿಲ್ಲ."

ಅವನು ಗೋಡೆ ಕಡೆ ತಿರುಗಿ ಮಲಗಿದ. ಉಣ್ಣಲಿಲ್ಲ. ಆ ಮೊದಲನೆಯದನ್ನು ಅಳಿಸಿಬಿಟ್ಟರೆ ಅವನ ಪಾಲು ಹೋಗುತ್ತದೆ. ಹಾಗೇ ಬಿಟ್ಟರೆ ಊರೆಲ್ಲ ನನ್ನ ಮಗಳ ಮೇಲೆ ನಗುತ್ತದೆ.

ಮರುದಿನ ಬೆಳಿಗ್ಗೆ ಅವನನ್ನು ಎಬ್ಬಿಸಿ, ಒಗೆದ ಧೋತರ ಉಡಿಸಿ, ಬಂಗಲೆಗೆ ಕರೆದುಕೊಂಡು ಹೋದೆ. ಮೊದಲು ಇವರಿಗೆ ಕೇಳಿಸಿ, ಆಮೇಲೆ ಅದನ್ನು ಅಳಿಸಿ ಅಂತ ನಿರ್ದೇಶಕನಿಗೆ ಹೇಳಿಸಿದೆ. ನಿರ್ದೇಶಕ ಗಂಡನ ಟೋಪಿ ತೆಗೆಸಿ ಕಿವಿಗೆ ಹೆಡ್‌ಫೋನ್ ಇಟ್ಟ. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತೆ. ಅವನು ಎರಡು ಸಲ ಕೇಳಿದ. ನಾನು ಒಳಗೆ ಬಂದಾಗ ಅವನ ಗಡ್ಡವೆಲ್ಲ ಒದ್ದೆ.

"ಬಸ್ಸಿಂದೂ ಹೇಳೀದಿ," ಅಂದ. "ಚಲೋ ಆತು. ಇನ್ನ ತೆಗೆದು ಹಾಕ್ರಿ."

ಯಾವ ಗುಂಡಿ ಅಂತ ಕೇಳಿದೆ. ಯಂತ್ರದ ಮುಂದೆ ಕುಳಿತಿದ್ದ ಹುಡುಗ ಬೆರಳಿಟ್ಟು ತೋರಿಸಿದ. ನಾನೇ ಒತ್ತಿದೆ.