ಹನುಮಂತರಾಯಪ್ಪನಿಗೆ ರುದ್ರೇಶ್ ಎದುರಾದರೆ

ಪೀಣ್ಯದ ಒಂದು ಬೋಲ್ಟ್ ಕಾರ್ಖಾನೆಯ ಮೇಲ್ಮಹಡಿಯಲ್ಲಿ ಬಾಕ್ಸಿಂಗ್ ಕಲಿಸುತ್ತಾರೆ. ಆ ಹಾಲ್ ಗುಡಿಸಿ ಒರೆಸುವವಳು ಹೊಳೆವ್ವ. ಕೊಪ್ಪಳದ ಕಡೆಯವಳು. ಕಟ್ಟಡದ ಕೆಲಸದಲ್ಲಿ ಸೊಂಟ ಹಿಡಿದುಕೊಂಡ ಮೇಲೆ ಇಲ್ಲಿಗೆ ಬಂದಳು. ಮೊದಮೊದಲು ಹುಡುಗರು ಹೊಡೆದಾಡಿದರೆ ಸೆರಗು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದಳು. ಬರಬರುತ್ತಾ ಅವರ ಕಾಲುಗಳನ್ನು ನೋಡತೊಡಗಿದಳು. ಕಸಬರಿಗೆ ಹಿಡಿದವಳ ಕಣ್ಣು ನೆಲದ ಮೇಲೆ ತಾನೆ ಇರುವುದು.

ಗೋಡೆಯ ಮೇಲೆ ಎರಡು ಫೋಟೋಗಳಿದ್ದವು. ಕಪ್ಪುಬಿಳುಪಿನವನು ಹನುಮಂತರಾಯಪ್ಪ, ಇದೇ ಊರಿನವನು, ಮಿಲಿಟರಿಗೆ ಸೇರಿ ಅರವತ್ತೆಂಟನೇ ಇಸವಿಯಲ್ಲಿ ಚಾಂಪಿಯನ್ ಆದವನು. ಬಣ್ಣದವನು ರುದ್ರೇಶ್, ಹಗಲು ಲೇತ್ ಮೆಷಿನ್ ಮೇಲೆ ದುಡಿದು, ಸಂಜೆ ಇಲ್ಲೇ ಕಲಿತು, ಹೋದ ವರ್ಷ ರಾಜ್ಯಕ್ಕೆ ಮೊದಲು ಬಂದವನು. ಇಬ್ಬರದೂ ಐವತ್ತೇಳು ಕಿಲೋ ತೂಕವೆಂದು ಕೋಚ್ ಹೇಳಿದ ದಿನದಿಂದ ಹೊಳೆವ್ವ ಅವರಿಬ್ಬರನ್ನೂ ಸುಮ್ಮನೆ ಬಿಡಲಿಲ್ಲ.

ಬೆಳಿಗ್ಗೆ ಫೋಟೋಗಳ ಗಾಜು ಒರೆಸುವಾಗ ಅವಳ ಕಲ್ಪನೆಯಲ್ಲಿ ಅವರು ಕೆಳಗಿಳಿದು ಬರುತ್ತಿದ್ದರು. ಛಾವಣಿಯ ಶೀಟಿನಿಂದ ಬಿಸಿಲು ಹಾಲಿನಂತೆ ಸುರಿಯುತ್ತಿತ್ತು, ಒದ್ದೆ ನೆಲ ಮಿನುಗುತ್ತಿತ್ತು. ರುದ್ರೇಶ್ ಸುತ್ತುತ್ತಾ ಹೊಡೆಯುತ್ತಿದ್ದ. ಹನುಮಂತರಾಯಪ್ಪ ಕದಲದೆ ಕಾಯುತ್ತಿದ್ದ. ಮೂರನೇ ರೌಂಡ್ ಶುರುವಾಗುವಷ್ಟರಲ್ಲಿ ಕೋಚ್ ಬಂದು ಫ್ಯಾನ್ ಹಾಕುತ್ತಿದ್ದರು, ಇಬ್ಬರೂ ಕರಗಿ ಹೋಗುತ್ತಿದ್ದರು.

ವಾರ್ಷಿಕೋತ್ಸವಕ್ಕೆ ಹನುಮಂತರಾಯಪ್ಪನೇ ಕೋಲೂರಿಕೊಂಡು ಬಂದ. ವಯಸ್ಸು ಎಪ್ಪತ್ತೆಂಟು. ಚಹಾ ಕೊಡಲು ಹೋದ ಹೊಳೆವ್ವ ಧೈರ್ಯ ಮಾಡಿ ಕೇಳಿಯೇಬಿಟ್ಟಳು.

"ಅಜ್ಜಾರ, ನಿಮ್ಮ ಹರೇದಾಗ ಈ ರುದ್ರೇಶ್ ಎದುರು ನಿಂತಿದ್ರ ಯಾರು ಗೆಲ್ತಿದ್ರಿ?"

ಅವನು ನಗಲಿಲ್ಲ. "ಎಂಗೆ ಆಡ್ತಾನವ್ವ ಅವ್ನು?"

"ಬಾಳ ಬಿರುಸ್ರೀ. ಉಸಿರು ಬಿಡಾಕ ಬಿಡಂಗಿಲ್ಲ."

"ಅಂಗಾದ್ರೆ ಮೊದಲ್ನೇ ರೌಂಡು ಅವಂದು. ನಾನು ನಿಧಾನ. ಎರಡ್ನೇದು ನಂದು." ಮುದುಕ ಕಣ್ಣು ಮುಚ್ಚಿದ. "ಮೂರ್ನೇದು ನೀನೇ ಯೋಳು."

"ದಣಿದಾಗ ಅಂವ ಬಲಗಾಲು ಎಳೀತಾನ್ರೀ. ಆಗ ಎಡಗೈ ಕೆಳಗ ಬೀಳ್ತೈತಿ. ನಿಮ್ಮ ಬಲಗೈ ಅದನ್ನ ಕಾಯ್ಕೊಂತ ಇರತೈತಿ."

ಕೋಲು ಹಿಡಿದ ಅವನ ಮುಷ್ಟಿ ಬಿಗಿಯಾಯಿತು. ಆಮೇಲೆ ಕಣ್ಣು ತೆರೆದು, "ಇದ್ನ ಆ ಹುಡುಗಂಗೆ ಯೋಳಿದ್ದೀಯಾ?" ಎಂದ.

"ಕಸಾ ಹೊಡಿಯಾಕಿ ಮಾತು ಯಾರು ಕೇಳ್ತಾರ್ರೀ?"

ಹನುಮಂತರಾಯಪ್ಪ ರುದ್ರೇಶನನ್ನು ಕರೆದು ಎದುರಿಗೆ ನಿಲ್ಲಿಸಿ ಅವಳಿಂದಲೇ ಹೇಳಿಸಿದ. ರುದ್ರೇಶ್ ಮೊದಲು ನಕ್ಕ. ಮಾರನೆಯ ದಿನ ಏದುಸಿರು ಬರುವವರೆಗೂ ಕನ್ನಡಿಯ ಮುಂದೆ ಆಡಿ ನೋಡಿದ. ಕಾಲು ಎಳೆಯಿತು, ಕೈ ಬಿತ್ತು. "ಹೌದಲ್ಲಕ್ಕಾ!" ಎಂದು ನಾಚಿಕೊಂಡ. ಅದನ್ನು ತಿದ್ದಿಕೊಳ್ಳಲು ಎರಡು ತಿಂಗಳು ಹಿಡಿಯಿತು. ದಿನಾ ಕೊನೆಗೆ, "ಅಕ್ಕಾ, ಬಿತ್ತಾ?" ಎಂದು ಕೇಳುತ್ತಿದ್ದ. ಒಂದು ದಿನ ಬೀಳಲಿಲ್ಲ.

ಹೊಳೆವ್ವನಿಗೆ ಖುಷಿಯೂ ಆಯಿತು, ಒಳಗೆಲ್ಲೋ ಮುದುಕ ಪಾಪ ಅಂತಲೂ ಅನಿಸಿತು. ಹನುಮಂತರಾಯಪ್ಪನಿಗೆ ಫೋನ್ ಮಾಡಿ ವಿಷಯ ತಿಳಿಸಿದಳು.

"ಅಂಗಾದ್ರೆ ಈಗ ನಾನು ಸೋತ್ನಲ್ಲವ್ವಾ!" ಮುದುಕ ಜೋರಾಗಿ ನಕ್ಕ. "ಇರ್ಲಿ. ನಂಗೆ ಕಲಿಸ್ದೋರು ಒಬ್ರಿದ್ರು, ನಲವತ್ತೇಳನೇ ಇಸ್ವಿ ಚಾಂಪಿಯನ್. ಅವರ್ನ ಈ ಹುಡುಗನ ಎದುರು ಇಳಿಸಾಣ. ನಿಂತ್ರೆ ಎಂಗಿರೋರು ಗೊತ್ತಾ..."

ಹೊಳೆವ್ವ ಬಕೆಟ್ ಪಕ್ಕಕ್ಕಿಟ್ಟು, ಕೇಳುತ್ತಾ ಮೆಟ್ಟಿಲ ಮೇಲೆ ಕೂತಳು.