ಹಳೆಯ ಮಾತಿಗೆ ಹೊಸ ತಾರೀಖು

ಬೆಳಗಿನ ಐದೂವರೆ. ನ್ಯಾಮತಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಜ್ಜಮ್ಮ ಮಿಂದು, ಹಣೆಗೆ ವಿಭೂತಿ ಧರಿಸಿ, ಪೂಜೆ ಮುಗಿಸಿ ಫೋನ್ ಕೈಗೆತ್ತಿಕೊಳ್ಳುತ್ತಾರೆ. ಜನ ಹೊಲಕ್ಕೋ ಅಂಗಡಿಗೋ ಹೊರಡುವ ಮುನ್ನ ಸಿಕ್ಕರೆ ಸಿಕ್ಕಂತೆ. ಇವತ್ತಿನ ಮೊದಲ ಕರೆ ಜಗಳೂರಿಗೆ.

“ಮಂಡಕ್ಕಿ ಹೋಟ್ಲಿಗೆ ನೀವು ಐದು ಸ್ಟಾರ್ ಕೊಟ್ಟು ನಾಕು ವರ್ಷ ಆತು. ಈಗ್ಲೂ ಹಂಗೇ ಐತೇನ್ರಿ?”

“ಹೋಟ್ಲೆಲ್ಲೈತ್ರಿ? ಮುಚ್ಚಿ ಅಲ್ಲಿ ಚಪ್ಲಿ ಅಂಗಡಿ ಬಂದೈತೆ.”

“ಮತ್ತೆ ನಿಮ್ಮ ಐದು ಸ್ಟಾರು?”

“ಚಪ್ಲಿಯವನಿಗೇ ಇರ್ಲಿ ಬಿಡ್ರಿ. ಅವನೂ ಒಳ್ಳೇ ಮನುಷ್ಯ.”

ಅಜ್ಜಮ್ಮ ನಗುವುದಿಲ್ಲ. ಹೋಟೆಲಿನ ಹೆಸರಿನ ಮುಂದೆ ‘ಮುಚ್ಚಿದೆ’ ಎಂದು ಬರೆದು ಮುಂದಿನ ನಂಬರ್ ಒತ್ತುತ್ತಾರೆ.

ಚನ್ನಗಿರಿಯ ಪ್ರಸನ್ನಕುಮಾರ್ ನಡೆಸುವ ‘ನಾಲ್ಕು ತಾಲ್ಲೂಕು’ ಎಂಬ ಜಾಲತಾಣದಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ದರ್ಜಿಗಳು, ಮೆಕ್ಯಾನಿಕ್‌ಗಳು, ಅಡುಗೆಯವರ ಬಗ್ಗೆ ಜನ ಬರೆದ ಹನ್ನೊಂದು ಸಾವಿರ ಅಭಿಪ್ರಾಯಗಳಿವೆ. ಬರೆದವರು ಬರೆದು ಮರೆಯುತ್ತಾರೆ. ಓದುವವರಿಗೆ ಮಾತ್ರ ಅದು ನಿನ್ನೆ ಆಡಿದ ಮಾತಿನಂತೆ ಕಾಣುತ್ತದೆ. ಎರಡು ವರ್ಷ ದಾಟಿದ ಪ್ರತಿ ಮಾತನ್ನೂ ಆಡಿದವರಿಂದಲೇ ಮತ್ತೆ ಕೇಳಿ, ಹೊಸ ತಾರೀಖು ಹಾಕುವುದು ಅಜ್ಜಮ್ಮನ ಕೆಲಸ. ಹದಿನೈದು ವರ್ಷ ಎಸ್‌ಟಿಡಿ ಬೂತ್ ನಡೆಸಿದ ಕಿವಿ ಅವರದು.

“ದಿನಕ್ಕೆ ನಲವತ್ತು ಫೋನು. ಹತ್ತು ಜನ ಬೈತಾರೆ. ಹತ್ತು ಜನ ‘ಲೋನ್ ಬ್ಯಾಡ್ರೀ’ ಅಂತ ಇಟ್ಟುಬಿಡ್ತಾರೆ. ಉಳಿದೋರು ತಮ್ಮ ಮಂಡಿ ನೋವು ಹೇಳ್ಕೊಂತಾರೆ,” ಎನ್ನುತ್ತಾರೆ. ಯಾರ ಮಾತನ್ನೂ ಅವರು ಅಳಿಸುವುದಿಲ್ಲ. ಹಳೆಯದಾಯಿತೆಂದು ಕೆಳಗಿಳಿಸುವುದಕ್ಕೂ ಆಡಿದವರ ಒಪ್ಪಿಗೆ ಬೇಕು.

ಹೋದ ಶ್ರಾವಣದಲ್ಲಿ ಲಿಂಗೈಕ್ಯರಾದ ಅಜ್ಜಮ್ಮನ ಯಜಮಾನರ ಸೋಡಾ ಅಂಗಡಿಯ ಪುಟವೂ ಇದೇ ನಿಯಮಕ್ಕೆ ಒಳಪಟ್ಟಿತು. ನಿಂಬೆ ಸೋಡಾ ಹೊಗಳಿದ್ದ ಇಪ್ಪತ್ತಮೂರು ಜನರಿಗೂ ಅವರು ಫೋನ್ ಮಾಡಿದರು. “ಅಂಗಡಿ ಇಲ್ಲ ಅಂತ ಗೊತ್ತಿದ್ರೂ ಎಲ್ರೂ ‘ಈಗ್ಲೂ ಹಂಗೇ’ ಅಂದ್ರು. ನಾನೇ ‘ಮುಚ್ಚಿದೆ’ ಅಂತ ಬರೆದೆ. ಶಿವನಿಚ್ಛೆ.”

ಈ ವರ್ಷ ಅವರನ್ನು ಹೆಚ್ಚು ಕಾಡಿದ್ದು ಹೊನ್ನಾಳಿಯ ದರ್ಜಿ ರುಕ್ಸಾನಾರ ಪುಟ. ಅದರ ನೆತ್ತಿಯ ಮೇಲೆ, ಐದು ವರ್ಷದ ಹಿಂದೆ ಶಾಂತಲಾ ಎಂಬ ಮದುಮಗಳು ಬರೆದ ಮಾತು ಕೂತಿತ್ತು: ‘ಮದುವೆ ಬ್ಲೌಸಿನ ತೋಳಿಗೆ ನನ್ನ ಕೈ ತೂರಿಸಲು ಇಬ್ಬರು ನಾದಿನಿಯರು, ಒಂದು ಬಟ್ಟಲು ಕೊಬ್ಬರಿ ಎಣ್ಣೆ ಬೇಕಾಯಿತು.’ ಓದಿದವರೆಲ್ಲ ನಕ್ಕು ಲೈಕ್ ಒತ್ತಿದರು. ಲೈಕ್ ಹೆಚ್ಚಿದಷ್ಟೂ ಮಾತು ಮೇಲೇರುತ್ತದೆ. ಮದುವೆ ಹೊಲಿಗೆಯೆಲ್ಲ ದಾವಣಗೆರೆಯ ಪಾಲಾಯಿತು. ರುಕ್ಸಾನಾಗೆ ಉಳಿದದ್ದು ಸೀರೆಗೆ ಫಾಲ್ಸ್ ಹಚ್ಚುವ ಕೆಲಸ.

“ಈ ಸಲಾನೂ ಮದುವೆ ಹೊಲಿಗೆ ಬರ್ಲಿಲ್ಲ ಅಂದ್ರೆ ಮಷೀನ್ ಮಾರಿ ಗಾರ್ಮೆಂಟ್ಸಿಗೆ ಹೋಗ್ತೀನಕ್ಕಾ,” ಎಂದರು ರುಕ್ಸಾನಾ ಫೋನಿನಲ್ಲಿ.

ಶಾಂತಲಾಗೆ ಫೋನ್ ಹೋಯಿತು. “ಈಗ ಹೆಂಗೆ ಹೊಲೀತಾರೋ ಗೊತ್ತಿಲ್ಲ, ಆಮೇಲೆ ಆ ಕಡೆ ಹೋಗಿಲ್ಲ. ಆದ್ರೆ ಆ ಮಾತು ಇಳಿಸಬ್ಯಾಡ್ರಿ ಅಮ್ಮಾರೆ! ಇನ್ನೂರ ಹನ್ನೆರಡು ಲೈಕು! ನನ್ನ ಜನ್ಮದಾಗೆ ಇಷ್ಟು ಜನ ನನ್ನ ಮೆಚ್ಚಿದ್ದು ಅದೊಂದೇ.”

ಅಜ್ಜಮ್ಮ ಹೊನ್ನಾಳಿ ಬಸ್ ಹತ್ತಿದರು. ರುಕ್ಸಾನಾ ಕಪಾಟಿನ ತಳದಿಂದ ಹಸಿರು ಕುಪ್ಪಸವೊಂದನ್ನು ತೆಗೆದರು. ಶಾಂತಲಾ ಅಳತೆಗೆಂದು ಕೊಟ್ಟದ್ದು, ಸಿಟ್ಟಿನಲ್ಲಿ ಯಾರೂ ವಾಪಸ್ ಒಯ್ದಿರಲಿಲ್ಲ.

“ಇದರ ಅಳತೆಗೇ ಹೊಲಿದಿದ್ದು. ಒಂದು ನೂಲು ಹೆಚ್ಚುಕಮ್ಮಿ ಇಲ್ಲ.”

“ಆವತ್ತೇ ಹೇಳಬಾರದಿತ್ತೇನವ್ವಾ?”

“ಮದುಮಗಳಿಗೆ ‘ದಪ್ಪ ಆಗೀರಿ’ ಅಂತ ಹೆಂಗೆ ಹೇಳ್ಲಕ್ಕಾ?”

ಕುಪ್ಪಸ ಹಿಡಿದು ಅಜ್ಜಮ್ಮ ಶಾಂತಲಾರ ಮನೆಗೆ ನಡೆದರು.

“ಇದು ಯಾವಾಗಿಂದವ್ವ?”

“ಅಯ್ಯೋ, ನನ್ನ ಪಿಯುಸಿ ಸೆಂಡಾಫ್ ದಿನದ್ದು!”

“ಮದುವೆ ಆಗಿದ್ದು?”

“ಅದಾಗಿ ಏಳು ವರ್ಷಕ್ಕೆ…” ಶಾಂತಲಾ ನಾಲಿಗೆ ಕಚ್ಚಿಕೊಂಡರು. ಅಡುಗೆಮನೆಯಿಂದ ಅತ್ತೆ ಕಸ್ತೂರಮ್ಮನ ದನಿ ಬಂತು: “ಎಳೆದೂ ಎಳೆದೂ ನನ್ನ ಹೆಣ್ಮಕ್ಕಳ ರಟ್ಟೆ ಬಿದ್ದೋಗಿತ್ತು ಕಣ್ರಿ!”

ಲೈಕಿನ ಆಸೆ ಮಾತ್ರ ಬಿಡಲೊಲ್ಲದು. ಅಜ್ಜಮ್ಮ ಮೆಲ್ಲಗೆ ಹೇಳಿದರು: “ಜನ ನಕ್ಕಿದ್ದು ನಿನ್ನ ಮಾತಿಗೆ. ಏಟು ಬಿದ್ದಿದ್ದು ಅವಳ ಅನ್ನಕ್ಕೆ. ಬಾಯಿ ನಿಂದೇ ಐತಲ್ಲವ್ವ, ಇನ್ನೊಂದು ಬರಿ.”

ಶಾಂತಲಾ ಹಳೆಯದನ್ನು ಇಳಿಸಲು ಒಪ್ಪಿ, ಹೊಸದನ್ನು ಬರೆದರು: ‘ಕೊಟ್ಟ ಅಳತೆಗೆ ತಪ್ಪದೆ ಹೊಲಿಯುತ್ತಾರೆ ರುಕ್ಸಾನಾ. ನಾನು ಕೊಟ್ಟಿದ್ದು ನನ್ನ ಹದಿನೇಳನೇ ವಯಸ್ಸಿನ ಅಳತೆ. ನಾನು ಊಟ ಬಿಡಲಿಲ್ಲ, ಪಾಪ, ಬ್ಲೌಸ್ ಏನು ಮಾಡೀತು?’ ವಾರದೊಳಗೆ ಲೈಕು ಮುನ್ನೂರು ದಾಟಿತು. ಶಾಂತಲಾ ಅದನ್ನು ಬೀದಿಗೆಲ್ಲ ತೋರಿಸಿ ಬಂದರು.

ಈಗ ರುಕ್ಸಾನಾರ ಅಂಗಡಿಯಲ್ಲಿ ಮದುವೆ ಬಟ್ಟೆಯ ಚೀಲಗಳು ಬಾಗಿಲ ತನಕ ಬಂದಿವೆ. ಮಷೀನ್ ಮಾರುವ ಮಾತಿಲ್ಲ. ಅಜ್ಜಮ್ಮನೂ ಒಂದು ಕುಪ್ಪಸ ಹೊಲಿಯಲು ಕೊಟ್ಟಿದ್ದಾರೆ. ತಿಂಗಳಾಯಿತು, ಇನ್ನೂ ಬಂದಿಲ್ಲ. ಅದನ್ನೂ ಜಾಲತಾಣದಲ್ಲಿ ಬರೆಯುತ್ತೀರಾ ಎಂದು ಕೇಳಿದರೆ ಕನ್ನಡಕ ಸರಿಮಾಡಿಕೊಂಡು, ಇಡೀ ಬೆಳಗಿನಲ್ಲಿ ಮೊದಲ ಸಲ ನಗುತ್ತಾರೆ.

“ಬರೀದೆ ಬಿಡಾಕಾಗುತ್ತೇನ್ರಿ? ‘ಹೊಲಿಗೆ ಚಂದ, ಕೊಡೋದು ತಡ.’ ಇವತ್ತಿಗೆ ಅದೇ ನಿಜ.”